ಫೋನ್ ಬಿಸಿಯಾದರೆ ಚಿಪ್ ಸುಟ್ಟುಹೋಗುತ್ತದೆಯೇ? ಉತ್ತರ ಕಂಪ್ಯೂಟರಿನೊಳಗಿನ ಒಂದು ಲೆಕ್ಕದಲ್ಲಿದೆ

ಬೇಸಿಗೆ ಬಂತೆಂದರೆ ಮಾವಿನಹಣ್ಣಿನ ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಂದೇಶವೂ ಬರತೊಡಗುತ್ತದೆ. ಪದಗಳು ಆಗಾಗ ಬದಲಾಗುತ್ತವೆ, ಸಾರಾಂಶ ಮಾತ್ರ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಫೋನ್ 40 ಡಿಗ್ರಿ ದಾಟಿದರೆ ಒಳಗಿನ ಚಿಪ್ ಸುಟ್ಟುಹೋಗುತ್ತದೆ. ತಕ್ಷಣ ಫ್ರಿಜ್‌ನಲ್ಲಿಡಿ. ಎಲೆಕ್ಟ್ರಾನಿಕ್ ವಸ್ತುಗಳಿಗೆ ತಂಪು ಎಷ್ಟಿದ್ದರೂ ಒಳ್ಳೆಯದೇ. ನಿಮ್ಮವರಿಗೆಲ್ಲ ಕಳಿಸಿ."

ಇದರಲ್ಲಿ ಮೂರು ಮಾತುಗಳಿವೆ. ಮೂರಕ್ಕೂ ಮೊದಲು ಚುಟುಕಾಗಿ ಉತ್ತರ ಕೊಟ್ಟುಬಿಡೋಣ.

40 ಡಿಗ್ರಿಗೆ ಚಿಪ್ ಸುಟ್ಟುಹೋಗುತ್ತದೆ ಎನ್ನುವುದು ತಪ್ಪು. ಚಿಪ್ಪುಗಳು ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿಯಲ್ಲಿ ಕೆಲಸಮಾಡುವಂತೆ ತಯಾರಾಗಿರುತ್ತವೆ. ಫ್ರಿಜ್‌ನಲ್ಲಿಡಿ ಎನ್ನುವುದು ಅಪಾಯಕಾರಿ ಸಲಹೆ. ತಂಪು ಎಷ್ಟಿದ್ದರೂ ಒಳ್ಳೆಯದೇ ಎನ್ನುವ ಮೂರನೆಯ ಮಾತು ಕೇಳಲು ಸರಿಯೆನಿಸಿದರೂ ಪೂರ್ತಿ ನಿಜವಲ್ಲ.

ಇಷ್ಟನ್ನು ಹೇಳಿ ಸುಮ್ಮನಾಗಬಹುದಿತ್ತು. ಆದರೆ "ಇದನ್ನೆಲ್ಲ ಹೇಗೆ ಖಚಿತವಾಗಿ ಹೇಳುತ್ತೀರಿ?" ಎಂದು ಯಾರಾದರೂ ಕೇಳಿದರೆ? ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಸಾಮಾನ್ಯವಾಗಿ ಯಾರೂ ಮಾತನಾಡದ ಒಂದು ಕೆಲಸದ ಪರಿಚಯವಾಗುತ್ತದೆ. ನಿಮ್ಮ ಫೋನಿನ ಚಿಪ್ ಕಾರ್ಖಾನೆಗೆ ಹೋಗುವ ಮೊದಲೇ, ಅದು ಬರಿಯ ಲೆಕ್ಕವಾಗಿದ್ದಾಗಲೇ, ಅದನ್ನು ಕೊರೆಯುವ ಚಳಿಯಲ್ಲೂ ಕುದಿಯುವ ಬಿಸಿಯಲ್ಲೂ ಇಟ್ಟು ನೋಡಿರುತ್ತಾರೆ. ಆ ಪರೀಕ್ಷೆ ಹೇಗೆ ನಡೆಯುತ್ತದೆ, ಅದರಲ್ಲಿ ಎಡವುವುದು ಎಲ್ಲಿ ಎಂಬುದನ್ನು ಈಗ ನೋಡೋಣ.

ಮೊದಲು ಲೆಕ್ಕ, ಆಮೇಲೆ ಚಿಪ್

ಮನೆ ಕಟ್ಟುವಾಗ ಕಿಟಕಿ ತಪ್ಪು ಜಾಗದಲ್ಲಿ ಬಂದರೆ ಗೋಡೆ ಒಡೆದು ಸರಿಮಾಡಬಹುದು. ಚಿಪ್ಪಿನಲ್ಲಿ ಹಾಗೆ ಮಾಡಲಾಗುವುದಿಲ್ಲ. ಉಗುರಿನಷ್ಟು ಜಾಗದಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಚ್ಚಾದ ಮೇಲೆ ಒಂದನ್ನು ಬಿಚ್ಚಿ ಬದಲಾಯಿಸುವ ಮಾತೇ ಇಲ್ಲ. ತಪ್ಪಿದ್ದರೆ ಹೊಸದಾಗಿ ಅಚ್ಚು ಮಾಡಿಸಬೇಕು. ಅದಕ್ಕೆ ಕೋಟಿಗಟ್ಟಲೆ ಖರ್ಚು, ತಿಂಗಳುಗಟ್ಟಲೆ ಕಾಯುವಿಕೆ.

ಹಾಗಾಗಿ ಚಿಪ್ ಮಾಡುವವರು ಮೊದಲು ಇಡೀ ಸರ್ಕಿಟ್ಟನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ. ಇದೇ ಸಿಮ್ಯುಲೇಶನ್. ಈ ಕೆಲಸಕ್ಕೆ ಬುನಾದಿ ಹಾಕಿದ ತಂತ್ರಾಂಶದ ಹೆಸರು ಸ್ಪೈಸ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ ತಮ್ಮ ಗುರು ಡೊನಾಲ್ಡ್ ಪೀಡರ್ಸನ್ ಅವರ ಮಾರ್ಗದರ್ಶನದಲ್ಲಿ ಇದನ್ನು ರೂಪಿಸಿ 1973ರಲ್ಲಿ ಹೊರತಂದರು. ಅರ್ಧ ಶತಮಾನ ಕಳೆದರೂ ಇಂದು ಬಳಕೆಯಲ್ಲಿರುವ ಅನೇಕ ಸಿಮ್ಯುಲೇಟರುಗಳು ಅದರ ಮಕ್ಕಳು, ಮೊಮ್ಮಕ್ಕಳೇ.

ಈ ಕೆಲಸ ನಮಗೆ ದೂರದ್ದೇನಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ ಇಲ್ಲಿ ಚಿಪ್ ವಿನ್ಯಾಸದ ಕೆಲಸ ಬೆಳೆಯುತ್ತಲೇ ಬಂದಿದೆ. ನಿಮ್ಮ ಬೀದಿಯಲ್ಲೇ ಯಾರಾದರೂ ಈ ಕೆಲಸದಲ್ಲಿರಬಹುದು. ಅವರನ್ನು ಕೇಳಿದರೆ, ರಾತ್ರಿ ಮನೆಗೆ ಹೊರಡುವ ಮುನ್ನ ಸಿಮ್ಯುಲೇಶನ್ ಓಡಲು ಬಿಟ್ಟು ಬರುವ ಕಥೆ ಹೇಳಿಯಾರು.

ಮಾಡೆಲ್ ಎಂದರೆ ಏನು?

ಸಿಮ್ಯುಲೇಟರಿಗೆ ತಾನಾಗಿಯೇ ಏನೂ ಗೊತ್ತಿರುವುದಿಲ್ಲ. ಟ್ರಾನ್ಸಿಸ್ಟರ್ ಎಂದರೇನು, ಡಯೋಡ್ ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ಸೂತ್ರಗಳ ಗಂಟಿಗೆ ಮಾಡೆಲ್ ಎನ್ನುತ್ತಾರೆ. "ಇಷ್ಟು ವೋಲ್ಟ್ ಕೊಟ್ಟರೆ ಇಷ್ಟು ವಿದ್ಯುತ್ ಹರಿಯುತ್ತದೆ" ಎನ್ನುವುದನ್ನು ಗಣಿತದಲ್ಲಿ ಬರೆದಿಡುವುದೇ ಅದರ ಕೆಲಸ.

ಇಂಥ ಮಾಡೆಲ್ಲುಗಳನ್ನು ಬರೆಯುವುದಕ್ಕೆಂದೇ ಯಂತ್ರಾಂಶ ವಿವರಣಾ ಭಾಷೆಗಳಿವೆ. ಇವುಗಳಲ್ಲಿ ಎರಡು ಬಗೆ. ಸೊನ್ನೆ ಮತ್ತು ಒಂದರ ಲೋಕದ ಡಿಜಿಟಲ್ ಸರ್ಕಿಟ್ಟುಗಳಿಗೆ ವೆರಿಲಾಗ್‌ನಂಥ ಭಾಷೆಗಳು ಬಳಕೆಯಾಗುತ್ತವೆ. ವೋಲ್ಟೇಜು, ವಿದ್ಯುತ್ ಪ್ರವಾಹ ಇವೆಲ್ಲ ಸ್ವಲ್ಪಸ್ವಲ್ಪವೇ ಏರಿಳಿಯುವ ಅನಲಾಗ್ ಲೋಕಕ್ಕೆ 1996ರಲ್ಲಿ ಬಂದ ವೆರಿಲಾಗ್-ಎ ಬಳಕೆಯಾಗುತ್ತದೆ. ಡಿಜಿಟಲ್ ಭಾಷೆಯಲ್ಲಿ ಬರೆದ "ಎರಡು ಸಂಖ್ಯೆ ಕೂಡಿಸು" ಎಂಬ ಸಾಲಿಗೆ ಚಳಿ ಸೆಕೆ ಯಾವುದೂ ತಿಳಿಯದು. ಉಷ್ಣಾಂಶದ ಬಿಸಿ ಮುಟ್ಟುವುದು ಅನಲಾಗ್ ಮಾಡೆಲ್ಲಿಗೆ. ಡಿಜಿಟಲ್ ಸರ್ಕಿಟ್ಟಿನ ವೇಗದ ಲೆಕ್ಕಗಳೂ ಕೊನೆಗೆ ಇಂಥ ಮಾಡೆಲ್ಲುಗಳಿಂದಲೇ ಬರುತ್ತವೆ. ಹಾಗಾಗಿ ಬುಡದಲ್ಲಿ ಲೆಕ್ಕ ತಪ್ಪಿದರೆ ಮೇಲಿನದ್ದೆಲ್ಲವೂ ತಪ್ಪುತ್ತದೆ.

ಬಿಸಿ ಏರಿದರೆ ಒಳಗೆ ಆಗುವುದೇನು?

ಚಿಪ್ಪಿನ ಒಳಗೆ ಉಷ್ಣಾಂಶ ಮುಖ್ಯವಾಗಿ ಮೂರು ಬದಲಾವಣೆ ತರುತ್ತದೆ.

ಒಂದು, ಎಲೆಕ್ಟ್ರಾನುಗಳ ಓಟ ನಿಧಾನವಾಗುತ್ತದೆ. ಸಿಲಿಕಾನಿನ ಪರಮಾಣುಗಳು ತಮ್ಮ ಜಾಗದಲ್ಲೇ ಅಲುಗಾಡುತ್ತಿರುತ್ತವೆ. ಬಿಸಿ ಹೆಚ್ಚಿದಷ್ಟೂ ಅಲುಗಾಟ ಹೆಚ್ಚು. ಜಾತ್ರೆಯಲ್ಲಿ ಸುತ್ತಲಿನವರೆಲ್ಲ ನೂಕಾಡುತ್ತಿದ್ದರೆ ನೇರವಾಗಿ ನಡೆಯುವುದು ಕಷ್ಟವಲ್ಲವೇ, ಎಲೆಕ್ಟ್ರಾನಿನ ಪಾಡೂ ಅದೇ. 27 ಡಿಗ್ರಿಯಿಂದ 127 ಡಿಗ್ರಿಗೆ ಹೋದರೆ ಅದರ ಚಲನಶೀಲತೆ ಸರಿಸುಮಾರು ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ.

ಎರಡು, ಟ್ರಾನ್ಸಿಸ್ಟರಿನ ಸ್ವಿಚ್ ಒತ್ತುವುದು ಸುಲಭವಾಗುತ್ತದೆ. ಅದನ್ನು ಆನ್ ಮಾಡಲು ಬೇಕಾದ ಕನಿಷ್ಠ ವೋಲ್ಟೇಜು ಪ್ರತಿ ಡಿಗ್ರಿಗೆ ಒಂದೆರಡು ಮಿಲಿವೋಲ್ಟಿನಷ್ಟು ಇಳಿಯುತ್ತದೆ.

ಮೂರು, ಸೋರಿಕೆ ಹೆಚ್ಚುತ್ತದೆ. ನಲ್ಲಿ ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುವ ಹಾಗೆ ಆಫ್ ಆದ ಟ್ರಾನ್ಸಿಸ್ಟರಿನಲ್ಲೂ ಒಂದಿಷ್ಟು ವಿದ್ಯುತ್ ಸೋರುತ್ತಿರುತ್ತದೆ. ಸಿಲಿಕಾನ್ ಡಯೋಡಿನ ಸೋರಿಕೆ ಪ್ರತಿ 10 ಡಿಗ್ರಿಗೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ ಎನ್ನುವುದು ಎಂಜಿನಿಯರುಗಳು ಬಾಯಲ್ಲೇ ಇಟ್ಟುಕೊಂಡಿರುವ ಅಂದಾಜು ಲೆಕ್ಕ. ಕೂದಲು ನೆಟ್ಟಗಾಗುವುದು ಇಲ್ಲೇ: ಎರಡು, ನಾಲ್ಕು, ಎಂಟು, ಹದಿನಾರು ಎಂದು ಏರುತ್ತ ಹೋದರೆ 50 ಡಿಗ್ರಿ ಹೆಚ್ಚುವಷ್ಟರಲ್ಲಿ ಸೋರಿಕೆ 32 ಪಟ್ಟಾಗಿರುತ್ತದೆ.

ಮೊದಲನೆಯದು ಸರ್ಕಿಟ್ಟನ್ನು ನಿಧಾನ ಮಾಡುತ್ತದೆ, ಎರಡನೆಯದು ಚುರುಕು ಮಾಡುತ್ತದೆ, ಮೂರನೆಯದು ಬ್ಯಾಟರಿ ತಿನ್ನುತ್ತದೆ. ಮಾಡೆಲ್ ಬರೆಯುವವರು ಈ ಮೂರನ್ನೂ ಸರಿಯಾದ ಪ್ರಮಾಣದಲ್ಲಿ ಸೇರಿಸಬೇಕು. ಒಂದನ್ನು ಮರೆತರೆ ಏನಾಗುತ್ತದೆ?

ಅರ್ಧ ಸರಿಯಾದ ಲೆಕ್ಕ ಪೂರ್ತಿ ತಪ್ಪಾಗುವ ಬಗೆ

ಸರಳ ಉದಾಹರಣೆಯಾಗಿ ಒಂದು ಡಯೋಡ್ ತೆಗೆದುಕೊಳ್ಳೋಣ. ಅದರ ಸೂತ್ರದಲ್ಲಿ ಎರಡು ಮುಖ್ಯ ಅಂಶಗಳಿವೆ. ಮೊದಲನೆಯದು ಉಷ್ಣ ವೋಲ್ಟೇಜು. ಇದು ಉಷ್ಣಾಂಶದ ಜೊತೆ ನೇರವಾಗಿ ಏರುತ್ತದೆ. 27 ಡಿಗ್ರಿಯಲ್ಲಿ ಸುಮಾರು 25.9 ಮಿಲಿವೋಲ್ಟ್ ಇರುತ್ತದೆ. ಎರಡನೆಯದು ಸಂತೃಪ್ತ ಪ್ರವಾಹ, ಅಂದರೆ ಆ ಡಯೋಡಿನ ಮೂಲ ಸೋರಿಕೆ.

27 ಡಿಗ್ರಿಯಲ್ಲಿ ಒಂದು ನಿಗದಿತ ಪ್ರಮಾಣದ ವಿದ್ಯುತ್ ಹರಿಯುವಾಗ ಈ ಡಯೋಡಿನ ಮೇಲೆ 0.65 ವೋಲ್ಟ್ ಇದೆ ಎಂದಿಟ್ಟುಕೊಳ್ಳಿ. ಅಷ್ಟೇ ವಿದ್ಯುತ್ ಹರಿಸುತ್ತ ಉಷ್ಣಾಂಶವನ್ನು 127 ಡಿಗ್ರಿಗೆ ಏರಿಸೋಣ.

ಹೊಸದಾಗಿ ಮಾಡೆಲ್ ಬರೆಯಲು ಕಲಿತವರೊಬ್ಬರು ಉಷ್ಣ ವೋಲ್ಟೇಜನ್ನು ಉಷ್ಣಾಂಶಕ್ಕೆ ತಕ್ಕಂತೆ ಬದಲಿಸಿದರು, ಆದರೆ ಸೋರಿಕೆಯನ್ನು ಹಾಗೇ ಬಿಟ್ಟರು ಎನ್ನೋಣ. ಆಗ ಸಿಮ್ಯುಲೇಟರ್ ಹೇಳುವ ಉತ್ತರ 0.87 ವೋಲ್ಟ್. ಅಂದರೆ ಬಿಸಿಯಾದಾಗ ವೋಲ್ಟೇಜು ಏರಿತು.

ಸೋರಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ? ಸ್ಪೈಸ್ ಸಿಲಿಕಾನ್ ಡಯೋಡಿಗೆ ಬಳಸುವ ಸಾಮಾನ್ಯ ಸೂತ್ರದಂತೆ ಆ 100 ಡಿಗ್ರಿಯ ಅಂತರದಲ್ಲಿ ಸಂತೃಪ್ತ ಪ್ರವಾಹ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. (ಮೇಲೆ ಹೇಳಿದ ಎರಡು ಪಟ್ಟಿನ ಅಂದಾಜಿಗಿಂತ ಇದು ಹೆಚ್ಚಾಯಿತಲ್ಲ ಎಂದು ನಿಮಗೆ ಅನಿಸಿದರೆ ನಿಮ್ಮ ಗಮನ ಸರಿಯಾಗಿದೆ. ನಿಜವಾದ ಡಯೋಡುಗಳಲ್ಲಿ ಅಳೆದಾಗ ಸಿಗುವ ಸೋರಿಕೆಗೆ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ, ಅವು ಇಷ್ಟು ವೇಗವಾಗಿ ಏರುವುದಿಲ್ಲ.) ಆಗ ಸಿಗುವ ಉತ್ತರ 0.47 ವೋಲ್ಟ್. ಅಂದರೆ ವೋಲ್ಟೇಜು ಇಳಿಯಿತು, ಪ್ರತಿ ಡಿಗ್ರಿಗೆ ಸುಮಾರು 1.8 ಮಿಲಿವೋಲ್ಟಿನಂತೆ. ಪ್ರಯೋಗಾಲಯದಲ್ಲಿ ನಿಜವಾದ ಡಯೋಡನ್ನು ಬಿಸಿಮಾಡಿ ಅಳೆದರೂ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದೇ ಕಾಣುತ್ತದೆ.

ಗಮನಿಸಿ, ಮೊದಲ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಬಂದಿದ್ದಲ್ಲ, ದಿಕ್ಕೇ ತಿರುಗಿಹೋಯಿತು. ಉಷ್ಣಾಂಶವನ್ನು ಪೂರ್ತಿ ಕೈಬಿಟ್ಟಿದ್ದರೆ 0.65 ಎಂಬ ಉತ್ತರವಾದರೂ ಬರುತ್ತಿತ್ತು. ಅದು ನಿಜಕ್ಕೆ ಇನ್ನೂ ಹತ್ತಿರ. ಅರ್ಧ ತಿಳಿದು ಸೇರಿಸಿದ್ದರಿಂದ ಉತ್ತರ ಮತ್ತೂ ಹದಗೆಟ್ಟಿತು. ಫಾರ್ವರ್ಡ್ ಸಂದೇಶಗಳ ವಿಷಯದಲ್ಲೂ ನಾವು ಪದೇಪದೇ ಕಾಣುವುದು ಇದನ್ನೇ. ಪೂರ್ತಿ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ, ಅರ್ಧ ಸತ್ಯವೇ ಹೆಚ್ಚು ದೂರ ಓಡುತ್ತದೆ.

27ನ್ನು 27 ಎಂದೇ ಬರೆದರೆ ಏಕೆ ತಪ್ಪು?

ಇನ್ನೊಂದು ಬಲೆ ಇದಕ್ಕಿಂತ ಸರಳ, ಅಷ್ಟೇ ಅಪಾಯಕಾರಿ. ನಾವು ನೀವೆಲ್ಲ ಉಷ್ಣಾಂಶವನ್ನು ಸೆಲ್ಸಿಯಸ್‌ನಲ್ಲಿ ಹೇಳುತ್ತೇವೆ. ಭೌತವಿಜ್ಞಾನದ ಸೂತ್ರಗಳಿಗೆ ಬೇಕಾಗಿರುವುದು ಕೆಲ್ವಿನ್. ನೀರು ಹೆಪ್ಪುಗಟ್ಟುವ ಬಿಂದುವನ್ನು ಸೊನ್ನೆ ಎಂದುಕೊಂಡಿದ್ದು ನಮ್ಮ ಅನುಕೂಲಕ್ಕೆ; ಎಲೆಕ್ಟ್ರಾನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕೆಲ್ವಿನ್ ಲೆಕ್ಕ ನಿಜವಾದ ಸೊನ್ನೆಯಿಂದ, ಅಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ 273.15 ಡಿಗ್ರಿ ಕೆಳಗಿನಿಂದ ಶುರುವಾಗುತ್ತದೆ. ಹಾಗಾಗಿ 27 ಡಿಗ್ರಿ ಸೆಲ್ಸಿಯಸ್ ಎಂದರೆ 300.15 ಕೆಲ್ವಿನ್.

ಸೂತ್ರದಲ್ಲಿ 300.15ರ ಬದಲು 27 ಹಾಕಿದರೆ ಉಷ್ಣ ವೋಲ್ಟೇಜು 25.9 ಮಿಲಿವೋಲ್ಟ್ ಬದಲು 2.3 ಮಿಲಿವೋಲ್ಟ್ ಬರುತ್ತದೆ. 0 ಡಿಗ್ರಿಯಲ್ಲಿ ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬಂದು ಸಿಮ್ಯುಲೇಟರ್ ನಿಂತೇಹೋಗುತ್ತದೆ. ಅದಕ್ಕೂ ಕೆಳಗಿಳಿದರೆ ಉಷ್ಣ ವೋಲ್ಟೇಜು ಋಣಾತ್ಮಕವಾಗಿ, ಡಯೋಡ್ ಲೋಕದಲ್ಲಿ ಇಲ್ಲದ ರೀತಿಯಲ್ಲಿ ನಡೆದುಕೊಳ್ಳುತ್ತದೆ.

ಇದನ್ನು ತಪ್ಪಿಸಲೆಂದೇ ವೆರಿಲಾಗ್-ಎ ಭಾಷೆಯಲ್ಲಿ ಸಿದ್ಧ ಅನುಕೂಲಗಳಿವೆ. ಡಾಲರ್ ಚಿಹ್ನೆ ಹಾಕಿ ಟೆಂಪರೇಚರ್ ಎಂದು ಬರೆದರೆ ಸಾಕು, ಆ ಹೊತ್ತಿನ ಉಷ್ಣಾಂಶ ನೇರವಾಗಿ ಕೆಲ್ವಿನ್‌ನಲ್ಲೇ ಸಿಗುತ್ತದೆ. ಡಾಲರ್ ಚಿಹ್ನೆಯ ಜೊತೆ ವಿಟಿ ಎಂದು ಬರೆದರೆ ಉಷ್ಣ ವೋಲ್ಟೇಜೇ ಲೆಕ್ಕವಾಗಿ ಬರುತ್ತದೆ. ಆದರೂ ಪಠ್ಯಪುಸ್ತಕದಲ್ಲಿ ಓದಿದ "26 ಮಿಲಿವೋಲ್ಟ್" ಎಂಬ ಸಂಖ್ಯೆಯನ್ನು ನೇರವಾಗಿ ಬರೆದುಬಿಡುವವರಿದ್ದಾರೆ. ಅಂಥ ಮಾಡೆಲ್ಲಿಗೆ ಎಂದೆಂದೂ ಒಂದೇ ಹವೆ. ಉಷ್ಣಾಂಶವನ್ನು ಎಷ್ಟು ಬದಲಿಸಿದರೂ ಅದು ಒಂದೇ ಉತ್ತರ ಕೊಡುತ್ತಿರುತ್ತದೆ. ನೋಡುವವರು "ಆಹಾ, ನಮ್ಮ ಸರ್ಕಿಟ್ ಎಷ್ಟು ಗಟ್ಟಿ" ಎಂದು ಬೀಗುತ್ತಿರುತ್ತಾರೆ.

27 ಎಂಬ ಸಂಖ್ಯೆಯಲ್ಲೂ ಒಂದು ಸೂಕ್ಷ್ಮವಿದೆ. ಬರ್ಕ್ಲಿಯ ಸ್ಪೈಸ್ ತನ್ನ ಮೂಲ ಉಷ್ಣಾಂಶವನ್ನು 27 ಡಿಗ್ರಿ ಎಂದು ಇಟ್ಟುಕೊಂಡಿತು, ಕೆಲ್ವಿನ್‌ನಲ್ಲಿ ಸರಿಸುಮಾರು 300 ಆಗುತ್ತದಲ್ಲ! ಆದರೆ ಬಿಡಿಭಾಗಗಳ ಮಾಹಿತಿ ಪತ್ರಗಳಲ್ಲಿ ಅಳತೆಗಳನ್ನು ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ. 25ರಲ್ಲಿ ಅಳೆದ ಸಂಖ್ಯೆಗಳನ್ನು 27ರಲ್ಲಿ ಅಳೆದದ್ದು ಎಂದುಕೊಂಡರೆ ಎರಡೇ ಡಿಗ್ರಿ ವ್ಯತ್ಯಾಸ, ನಿಜ. ಆದರೆ ನಮ್ಮ ಡಯೋಡಿನಲ್ಲಿ ಅದೇ ವೋಲ್ಟೇಜಿಗೆ ಹರಿಯುವ ವಿದ್ಯುತ್ತಿನ ಲೆಕ್ಕ ಸುಮಾರು ಶೇಕಡಾ 15ರಷ್ಟು ಆಚೀಚೆ ಆಗಲು ಆ ಎರಡು ಡಿಗ್ರಿಯೇ ಸಾಕು. ಆದ್ದರಿಂದ "ಈ ಸಂಖ್ಯೆಗಳನ್ನು ಯಾವ ಉಷ್ಣಾಂಶದಲ್ಲಿ ಅಳೆದದ್ದು" ಎಂಬುದನ್ನು ಮಾಡೆಲ್ಲಿನಲ್ಲಿ ಬೇರೆಯಾಗಿಯೇ ನಮೂದಿಸುವುದು ಒಳ್ಳೆಯ ಪದ್ಧತಿ.

ಹೊರಗೆ ಎಷ್ಟು ಬಿಸಿ, ಒಳಗೆ ಎಷ್ಟು ಬಿಸಿ?

ಈಗ ನಿಮ್ಮ ಫೋನಿಗೆ ಹತ್ತಿರವಾದ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಡಾಲರ್ ಟೆಂಪರೇಚರ್ ಹೇಳುವುದು ಸರ್ಕಿಟ್ಟಿನ ಸುತ್ತಲಿನ ಉಷ್ಣಾಂಶವನ್ನು. ವಿದ್ಯುತ್ ಹರಿಯುವ ಯಾವ ವಸ್ತುವಾದರೂ ತಾನೂ ಬಿಸಿಯಾಗುತ್ತದೆ. ಕೋಣೆಯಲ್ಲಿ 30 ಡಿಗ್ರಿ ಇದೆ ಎಂದ ಮಾತ್ರಕ್ಕೆ ಇಸ್ತ್ರಿಪೆಟ್ಟಿಗೆಯ ತಳವೂ 30 ಡಿಗ್ರಿ ಇರುವುದಿಲ್ಲವಲ್ಲ.

ಇದನ್ನು ಮಾಡೆಲ್ಲಿನೊಳಗೆ ತರಲು ಎಂಜಿನಿಯರುಗಳು ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಶಾಖವನ್ನೂ ವಿದ್ಯುತ್ತಿನಂತೆಯೇ ನೋಡುವುದು. ಉಷ್ಣಾಂಶವನ್ನು ವೋಲ್ಟೇಜು ಎಂದುಕೊಳ್ಳಿ, ಹರಿಯುವ ಶಾಖವನ್ನು ವಿದ್ಯುತ್ ಪ್ರವಾಹ ಎಂದುಕೊಳ್ಳಿ, ಶಾಖ ಹೊರಹೋಗಲು ಇರುವ ಅಡ್ಡಿಯನ್ನು ರೆಸಿಸ್ಟರ್ ಎಂದುಕೊಳ್ಳಿ, ಬಿಸಿಯಾಗಲು ಹಿಡಿಯುವ ಸಮಯವನ್ನು ಕೆಪಾಸಿಟರ್ ಎಂದುಕೊಳ್ಳಿ. ಆಗ ಶಾಖದ ಲೆಕ್ಕವನ್ನೂ ಅದೇ ಸಿಮ್ಯುಲೇಟರ್ ಮಾಡಿಕೊಡುತ್ತದೆ. ವೆರಿಲಾಗ್-ಎ ಭಾಷೆಯಲ್ಲಿ ಇದಕ್ಕೆಂದೇ ಉಷ್ಣದ ತಂತಿ ಎಳೆಯುವ ಸೌಲಭ್ಯವಿದೆ.

ಒಂದು ಸರಳ ಲೆಕ್ಕ. ಚಿಪ್ 2 ವಾಟ್ ಶಾಖ ಬಿಡುತ್ತಿದೆ, ಪ್ರತಿ ವಾಟಿಗೆ 20 ಡಿಗ್ರಿ ಏರುವಷ್ಟು ಅಡ್ಡಿಯಿದೆ ಎನ್ನೋಣ. ಆಗ ಚಿಪ್ ಸುತ್ತಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ಒಳಗೆ 75. ಕಲಬುರಗಿಯ ಮೇ ತಿಂಗಳ 42 ಡಿಗ್ರಿಯಲ್ಲಾದರೆ ಒಳಗೆ 82. ದಪ್ಪ ಕವರ್ ಹಾಕಿ ಆ ಅಡ್ಡಿಯನ್ನು 25ಕ್ಕೆ ಏರಿಸಿದರೆ 92. ಈ ಸಂಖ್ಯೆಗಳು ಲೆಕ್ಕ ತಿಳಿಯಲೆಂದು ನಾವು ಇಟ್ಟುಕೊಂಡವು. ನಿಮ್ಮ ಫೋನಿನ ಅಳತೆಗಳಲ್ಲ. ಆದರೆ ಫೋನಿನ ಕವರ್ ತೆಗೆಯಿರಿ ಎಂಬ ಸಲಹೆಯ ಹಿಂದಿನ ಗಣಿತ ಇದೇ.

ಇಲ್ಲೊಂದು ವಿಷಚಕ್ರವೂ ಇದೆ. ಬಿಸಿಯಾದರೆ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದರೆ ಮತ್ತಷ್ಟು ಬಿಸಿ. ಶಾಖ ಹೊರಹೋಗುವ ವೇಗಕ್ಕಿಂತ ಈ ಚಕ್ರ ಜೋರಾಗಿ ತಿರುಗಿದರೆ ನಿಲ್ಲಿಸುವುದು ಕಷ್ಟ. ಮಾಡೆಲ್ಲಿನಲ್ಲಿ ತನ್ನಿಂದ ತಾನೇ ಬಿಸಿಯಾಗುವ ಈ ಗುಣ ಇಲ್ಲದಿದ್ದರೆ ಸಿಮ್ಯುಲೇಟರಿಗೆ ಈ ಅಪಾಯ ಕಾಣುವುದೇ ಇಲ್ಲ. ಇದ್ದರೆ ಲೆಕ್ಕದ ನಡುವೆಯೇ ಸಂಖ್ಯೆಗಳು ಅಂಕೆ ಮೀರಿ ಸಿಮ್ಯುಲೇಟರ್ ಕೈಚೆಲ್ಲುವುದೂ ಉಂಟು. ಅದಕ್ಕೇ ಘಾತಗಳು ಒಮ್ಮೆಲೇ ಹಾರದಂತೆ ಕಡಿವಾಣ ಹಾಕುವ ಲಿಮ್‌ಎಕ್ಸ್‌ಪ್ ಎಂಬ ಲೆಕ್ಕದ ಉಪಾಯವನ್ನೂ ಭಾಷೆಯಲ್ಲೇ ಕೊಟ್ಟಿದ್ದಾರೆ.

ತಂಪು ಹೆಚ್ಚಾದರೆ ಒಳ್ಳೆಯದೇ?

ಮಾಡೆಲ್ ಸರಿಯಾದ ಮೇಲೆ ನಿಜವಾದ ಪರೀಕ್ಷೆ ಶುರು. ಅದೇ ಸರ್ಕಿಟ್ಟನ್ನು ಬೇರೆಬೇರೆ ಉಷ್ಣಾಂಶದಲ್ಲಿ ಮತ್ತೆಮತ್ತೆ ಓಡಿಸುತ್ತಾರೆ. ಎಷ್ಟರಿಂದ ಎಷ್ಟರವರೆಗೆ ಎನ್ನುವುದು ಚಿಪ್ ಎಲ್ಲಿ ಬಳಕೆಯಾಗುತ್ತದೆ ಎಂಬುದರ ಮೇಲೆ ನಿಂತಿದೆ. ಮನೆಬಳಕೆಯ ಸಾಮಾನ್ಯ ಚಿಪ್ಪುಗಳಿಗೆ ರೂಢಿಯಲ್ಲಿರುವ ಶ್ರೇಣಿ 0ಯಿಂದ 70 ಡಿಗ್ರಿ. ಕಾರ್ಖಾನೆಗಳ ಚಿಪ್ಪುಗಳಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿಯವರೆಗೆ. ಕಾರಿನಲ್ಲಿ ಬಳಸುವ ಅನೇಕ ಚಿಪ್ಪುಗಳು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 125 ಡಿಗ್ರಿಯವರೆಗೂ ತಡೆದುಕೊಳ್ಳಬೇಕು. ಇವೆಲ್ಲ ಸುತ್ತಲಿನ ಉಷ್ಣಾಂಶದ ಮಾತು. ಚಿಪ್ಪಿನ ಒಳಗಿನ ಸಿಲಿಕಾನ್ ಇದಕ್ಕೂ ಹೆಚ್ಚು ಬಿಸಿಯಾಗುತ್ತದೆ. ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಒಳಗಿನ ಗರಿಷ್ಠ ಮಿತಿ 100 ಡಿಗ್ರಿಯ ಆಸುಪಾಸಿನಲ್ಲಿದೆ.

40 ಡಿಗ್ರಿಗೆ ಚಿಪ್ ಸುಟ್ಟುಹೋಗುತ್ತದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ತಂಪಿನ ಮಾತು? ಹಿಂದೆಲ್ಲ ಎಂಜಿನಿಯರುಗಳು ಬಿಸಿಯಲ್ಲೇ ಸರ್ಕಿಟ್ ಅತಿ ನಿಧಾನ ಎಂದುಕೊಂಡು ಬಿಸಿಯ ತುದಿಯಲ್ಲಿ ವೇಗ ಸರಿಯಿದ್ದರೆ ಸಾಕು ಎನ್ನುತ್ತಿದ್ದರು. ಆಗ ಸರ್ಕಿಟ್ಟುಗಳು ಹೆಚ್ಚು ವೋಲ್ಟೇಜಿನಲ್ಲಿ ನಡೆಯುತ್ತಿದ್ದವು, ಆ ಮಾತು ನಿಜವೂ ಆಗಿತ್ತು. ಬ್ಯಾಟರಿ ಉಳಿಸಲು ವೋಲ್ಟೇಜನ್ನು ಇಳಿಸುತ್ತ ಬಂದ ಹಾಗೆ ಕಥೆ ತಿರುಗಿತು. ನಾವು ಮೇಲೆ ನೋಡಿದ ಎರಡನೆಯ ಬದಲಾವಣೆ ನೆನಪಿದೆಯೇ? ತಂಪಾದಾಗ ಟ್ರಾನ್ಸಿಸ್ಟರನ್ನು ಆನ್ ಮಾಡಲು ಹೆಚ್ಚು ವೋಲ್ಟೇಜು ಬೇಕು. ಕೊಡುತ್ತಿರುವ ವೋಲ್ಟೇಜೇ ಕಡಿಮೆ ಇದ್ದಾಗ ಈ ಸಣ್ಣ ಏರಿಕೆಯೇ ದೊಡ್ಡದಾಗುತ್ತದೆ. ಹಾಗಾಗಿ ಕಡಿಮೆ ವೋಲ್ಟೇಜಿನ ಇಂದಿನ ಚಿಪ್ಪುಗಳು ತಂಪಿನಲ್ಲಿ ನಿಧಾನವಾಗುವುದುಂಟು. ಇದಕ್ಕೆ ಉಷ್ಣಾಂಶದ ವಿಲೋಮ ಎನ್ನಬಹುದು. ಈಗ ವೇಗದ ಲೆಕ್ಕವನ್ನು ಎರಡೂ ತುದಿಗಳಲ್ಲಿ ಮಾಡಲೇಬೇಕು.

ದೋಷವೇ ಥರ್ಮಾಮೀಟರ್ ಆದ ಕಥೆ

ಫೋನಿಗೆ ತಾನು ಬಿಸಿಯಾಗಿದ್ದೇನೆಂದು ಹೇಗೆ ಗೊತ್ತಾಗುತ್ತದೆ? ಚಿಪ್ಪಿನೊಳಗೆ ಪಾದರಸವಂತೂ ಇಲ್ಲ. ಅಲ್ಲಿ ಸಾಮಾನ್ಯವಾಗಿ ಕೆಲಸಮಾಡುವುದು ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುವ ಅದೇ ಡಯೋಡ್.

ಒಂದೇ ಬಗೆಯ ಎರಡು ಡಯೋಡುಗಳಲ್ಲಿ, ಒಂದರಲ್ಲಿ ಮತ್ತೊಂದರ ಎಂಟು ಪಟ್ಟು ವಿದ್ಯುತ್ ಹರಿಸಿ ಎರಡರ ವೋಲ್ಟೇಜಿನ ವ್ಯತ್ಯಾಸ ನೋಡಿದರೆ ಒಂದು ಚಮತ್ಕಾರ ನಡೆಯುತ್ತದೆ. ಲಕ್ಷ ಪಟ್ಟು ಬದಲಾಗುವ ಆ ತಂಟೆಕೋರ ಸಂತೃಪ್ತ ಪ್ರವಾಹ ಲೆಕ್ಕದಿಂದ ಪೂರ್ತಿ ಕಳೆದುಹೋಗುತ್ತದೆ. ಉಳಿಯುವುದು ಉಷ್ಣಾಂಶಕ್ಕೆ ನೇರ ಅನುಪಾತದಲ್ಲಿರುವ ಒಂದು ಸಣ್ಣ ವೋಲ್ಟೇಜು: 27 ಡಿಗ್ರಿಯಲ್ಲಿ ಸುಮಾರು 54 ಮಿಲಿವೋಲ್ಟ್, ಮುಂದೆ ಪ್ರತಿ ಡಿಗ್ರಿಗೆ 0.18 ಮಿಲಿವೋಲ್ಟ್ ಹೆಚ್ಚಳ. ಇದನ್ನು ಅಳೆದರೆ ಉಷ್ಣಾಂಶ ಸಿಕ್ಕಿತು.

ಇನ್ನೊಂದು ಉಪಯೋಗವೂ ಇದೆ. ಡಯೋಡಿನ ವೋಲ್ಟೇಜು ಬಿಸಿಗೆ ಇಳಿಯುತ್ತದೆ, ಈ ವ್ಯತ್ಯಾಸದ ವೋಲ್ಟೇಜು ಏರುತ್ತದೆ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಕೂಡಿಸಿದರೆ ಏರಿದ್ದು ಇಳಿದದ್ದು ಸರಿಹೋಗಿ, ಬಿಸಿಗೂ ಚಳಿಗೂ ಹೆಚ್ಚೇನೂ ಬದಲಾಗದ ಸುಮಾರು 1.2 ವೋಲ್ಟ್ ಸಿಗುತ್ತದೆ. ಇದಕ್ಕೆ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಬಾಬ್ ವಿಡ್ಲರ್ ಈ ಉಪಾಯವನ್ನು ಚಿಪ್ಪುಗಳಲ್ಲಿ ಬಳಕೆಗೆ ತಂದು 1971ರಲ್ಲಿ ಪ್ರಕಟಿಸಿದರು. ಇಂದು ಅಸಂಖ್ಯ ಚಿಪ್ಪುಗಳು ತಮ್ಮ ವೋಲ್ಟೇಜನ್ನು ಅಳೆದುಕೊಳ್ಳುವುದು ಇಂಥದೊಂದು ಅಳತೆಗೋಲಿನಿಂದಲೇ.

ಮಾಡೆಲ್ಲಿನಲ್ಲಿ ಉಷ್ಣಾಂಶ ಸರಿಯಾಗಿರಬೇಕು ಎಂದು ನಾವು ಇಷ್ಟು ಹೊತ್ತು ಹೇಳಿದ್ದು ಇದಕ್ಕೇ. ಥರ್ಮಾಮೀಟರನ್ನೇ ತಪ್ಪು ಲೆಕ್ಕದ ಮೇಲೆ ವಿನ್ಯಾಸ ಮಾಡಿದರೆ ಫೋನಿಗೆ ತನಗೆ ಜ್ವರ ಬಂದದ್ದೇ ತಿಳಿಯುವುದಿಲ್ಲ. ಸರಿಯಾಗಿದ್ದರೆ ಬಿಸಿ ಏರಿದೊಡನೆ ಫೋನ್ ತಾನೇ ವೇಗ ತಗ್ಗಿಸುತ್ತದೆ, ಪರದೆಯನ್ನು ಮಂಕಾಗಿಸುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ, ಕೊನೆಗೆ ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತದೆ. ಬಿಸಿಲಿನಲ್ಲಿ ಗೇಮ್ ಆಡುವಾಗ ಫೋನ್ ತಡವರಿಸಿದರೆ ಅದು ಕೆಟ್ಟಿದೆ ಎಂದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದರ್ಥ.

ಹಾಗಾದರೆ ಫೋನಿಗೆ ನಿಜವಾದ ಅಪಾಯ ಎಲ್ಲಿದೆ?

ಬ್ಯಾಟರಿಯಲ್ಲಿದೆ. ಸಿಲಿಕಾನ್ ತಡೆಯುವ ಬಿಸಿಯನ್ನು ಲೀಥಿಯಂ-ಅಯಾನ್ ಬ್ಯಾಟರಿ ತಡೆಯಲಾರದು. ಪದೇಪದೇ ಬಿಸಿಯಾದರೆ ಅದರ ಆಯುಷ್ಯ ಬೇಗ ಕರಗುತ್ತದೆ. ಜೊತೆಗೆ ಫೋನ್ ಹಿಡಿಯುವ ಕೈಗೂ ಸುಡಬಾರದು. ಆಪಲ್ ಸಂಸ್ಥೆ ತನ್ನ ಐಫೋನುಗಳನ್ನು 0ಯಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಿ ಎಂದು ಹೇಳುವುದು ಚಿಪ್ಪನ್ನು ಮಾತ್ರವಲ್ಲ, ಇಡೀ ಫೋನನ್ನು ಲೆಕ್ಕಕ್ಕೆ ತೆಗೆದುಕೊಂಡು.

ಫ್ರಿಜ್ ಏಕೆ ಬೇಡ? ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದನ್ನು ನೋಡಿದ್ದೀರಿ. ತಣ್ಣಗಾದ ಫೋನ್ ಹೊರಗೆ ಬಂದಾಗಲೂ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. "ನಮ್ಮದು ನೀರು ಹೋಗದ ಫೋನ್" ಎನ್ನುವವರು ಒಂದು ಮಾತು ನೆನಪಿಡಿ: ಫೋನಿನೊಳಗೂ ತೇವವಿರುವ ಗಾಳಿಯೇ ಇರುತ್ತದೆ, ಒಮ್ಮೆಲೇ ತಣ್ಣಗಾದರೆ ಅದು ಒಳಗೇ ಹನಿಗಟ್ಟಬಹುದು. ಫ್ರೀಜರ್ ಇನ್ನೂ ಕೆಟ್ಟದ್ದು. ಸೊನ್ನೆಗಿಂತ ಕೆಳಗೆ ಲೀಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲೀಥಿಯಂ ಲೋಹದ ಪದರ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗಬಹುದು.

ಫೋನ್ ಬಿಸಿಯಾದಾಗ ಹೀಗೆ ಮಾಡಿ:

ಚಾರ್ಜಿಂಗ್ ನಿಲ್ಲಿಸಿ, ಕವರ್ ತೆಗೆಯಿರಿ.

ಬಿಸಿಲಿನಿಂದ ನೆರಳಿಗೆ ತನ್ನಿ. ನಿಲ್ಲಿಸಿದ ಕಾರಿನೊಳಗೆ, ದಿಂಬಿನ ಕೆಳಗೆ ಇಡಬೇಡಿ.

ಗೇಮ್, ವಿಡಿಯೋ, ಹಾಟ್‌ಸ್ಪಾಟ್ ನಿಲ್ಲಿಸಿ, ಪರದೆಯ ಬೆಳಕು ತಗ್ಗಿಸಿ. ಸಾಧ್ಯವಾದರೆ ಸ್ವಲ್ಪ ಹೊತ್ತು ಆಫ್ ಮಾಡಿ.

ಫ್ಯಾನ್ ಗಾಳಿಗೆ ಇಟ್ಟರೆ ಸಾಕು. ನೀರು, ಐಸ್, ಫ್ರಿಜ್ ಯಾವುದೂ ಬೇಡ.

ಬ್ಯಾಟರಿ ಉಬ್ಬಿದಂತೆ ಕಂಡರೆ, ವಿಚಿತ್ರ ವಾಸನೆ ಬಂದರೆ ಬಳಸುವುದನ್ನೂ ಚಾರ್ಜ್ ಮಾಡುವುದನ್ನೂ ಕೂಡಲೇ ಬಿಟ್ಟು ಸರ್ವಿಸ್ ಕೇಂದ್ರಕ್ಕೆ ತೋರಿಸಿ. ಇದು ಮನೆಮದ್ದಿನ ವಿಷಯವಲ್ಲ.

ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಜಗಳವಾಡಬೇಕಿಲ್ಲ. ಇಷ್ಟು ಬರೆದು ಕಳಿಸಿ: "ಚಿಪ್ 40 ಡಿಗ್ರಿಗೆ ಸುಡುವುದಿಲ್ಲ, ಅದನ್ನು ಮಾಡುವ ಮೊದಲೇ ಇದಕ್ಕಿಂತ ಹೆಚ್ಚಿನ ಬಿಸಿಯ ಲೆಕ್ಕ ಹಾಕಿರುತ್ತಾರೆ. ಜೋಪಾನ ಮಾಡಬೇಕಾದ್ದು ಬ್ಯಾಟರಿಯನ್ನು. ಕವರ್ ತೆಗೆದು ನೆರಳಿನಲ್ಲಿಡಿ, ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ." ಮನೆಯ ಗುಂಪಿನಲ್ಲಿ ಒಬ್ಬರ ಫೋನಾದರೂ ಫ್ರಿಜ್‌ಗೆ ಹೋಗುವುದು ತಪ್ಪಿದರೆ ಈ ಲೇಖನ ಓದಿದ್ದು ಸಾರ್ಥಕ.